ನೀಳಮೀಸೆ ಜೀರುಂಡೆಯ ಪ್ರಭೇದ ಗುರುತಿಸಲು ಏನು ಕೊಳ್ಳಬೇಕು: ಆ್ಯಪ್, ಲೂಪ್, ಯುಎಸ್‌ಬಿ ಕ್ಯಾಮೆರಾ, ಸ್ಟೀರಿಯೊ ಮೈಕ್ರೊಸ್ಕೋಪ್

ತೀರ್ಪು ಮೊದಲೇ ಹೇಳಿಬಿಡೋಣ. ಒಂದೇ ಒಂದು ಸಾಧನ ಕೊಳ್ಳುವಷ್ಟು ದುಡ್ಡಿದ್ದರೆ 10ಎಕ್ಸ್ ಟ್ರಿಪ್ಲೆಟ್ ಲೂಪ್, ಅಂದರೆ ಕಣ್ಣಿಗೆ ಹಿಡಿದು ನೋಡುವ ಹತ್ತು ಪಟ್ಟಿನ ಪುಟ್ಟ ಭೂತಗನ್ನಡಿ ಕೊಳ್ಳಿ, ಜೊತೆಗೆ ಕುತ್ತಿಗೆ ಬಾಗಿಸಬಹುದಾದ ಒಂದು ಎಲ್‌ಇಡಿ ದೀಪ ಇಟ್ಟುಕೊಳ್ಳಿ. ಇನ್ನಷ್ಟು ಖರ್ಚು ಮಾಡಬಹುದಾದರೆ ನೇರವಾಗಿ ಎರಡೂ ಕಣ್ಣಿಟ್ಟು ಆಳ ಸಮೇತ ನೋಡುವ ಸ್ಟೀರಿಯೊ ಮೈಕ್ರೊಸ್ಕೋಪಿಗೆ ಹೋಗಿ, ನಡುವಿನ ಯುಎಸ್‌ಬಿ ಮೈಕ್ರೊಸ್ಕೋಪಿನಲ್ಲಿ ಹಣ ಕಳೆಯಬೇಡಿ. ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳನ್ನು ಕುಲದವರೆಗೆ ನಂಬಬಹುದು. ಅಕ್ಕಪಕ್ಕದ ಪ್ರಭೇದಗಳನ್ನು ಬೇರೆ ಮಾಡುವ ಹಂತ ಬಂದಾಗ ಅವು ಹೇಳುವ ಹೆಸರು ಒಂದು ಊಹೆ, ಅಷ್ಟೆ.

ಈ ತೀರ್ಪಿಗೆ ಕಾರಣ ಜೀರುಂಡೆಯ ಮೈಯಲ್ಲೇ ಇದೆ. ನೀಳಮೀಸೆಗಳ ಸೆರಾಂಬಿಸಿಡೇ ಕುಟುಂಬದಲ್ಲಿ ಹೆಸರಿಟ್ಟಿರುವ ಪ್ರಭೇದಗಳೇ 35,000 ದಾಟಿವೆ. ಕಣ್ಣಿಗೆ ಮೊದಲು ಬೀಳುವ ಗಾತ್ರ, ಬಣ್ಣ, ಮೀಸೆಯ ಉದ್ದ ಈ ಮೂರೂ ಹತ್ತಿರದ ಪ್ರಭೇದಗಳನ್ನು ಬಿಡಿಸುವಾಗ ಕೈಕೊಡುತ್ತವೆ. ಮರಿಹುಳು ಮರದೊಳಗೆ ಎಷ್ಟು ಚೆನ್ನಾಗಿ ತಿಂದಿತು ಎಂಬುದರ ಮೇಲೆ ಗಾತ್ರ ನಿಲ್ಲುತ್ತದೆ. ಒಂದೇ ಪ್ರಭೇದದ ಎರಡು ಜೀರುಂಡೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ಉದ್ದ ಇರುವುದು ಅಪರೂಪವೇನಲ್ಲ. ಮೀಸೆ ಗಂಡಿನಲ್ಲಿ ಉದ್ದ, ಹೆಣ್ಣಿನಲ್ಲಿ ಗಿಡ್ಡ, ಹಾಗಾಗಿ ಲಿಂಗ ತಿಳಿಯದೆ ಮೀಸೆ ಅಳೆದು ಉಪಯೋಗವಿಲ್ಲ. ಇನ್ನು ಬಣ್ಣ. ಬಹುಪಾಲು ಮಚ್ಚೆ, ಪಟ್ಟೆಗಳು ನವಿರಾದ ಕೂದಲಿನಿಂದ ಆದವು. ವಯಸ್ಸಾದ ಜೀರುಂಡೆಯಲ್ಲಿ ಅವು ಉಜ್ಜಿ ಉದುರುತ್ತವೆ, ಸತ್ತ ಮೇಲೆ ಮಾಸುತ್ತವೆ. ಬಟೊಸೆರಾ ಕುಲದ ಜೀರುಂಡೆಗಳ ಕೆಂಪು-ಕಿತ್ತಳೆ ಚುಕ್ಕೆಗಳು ಸಂಗ್ರಹದ ಪೆಟ್ಟಿಗೆಯಲ್ಲಿ ವರ್ಷ ಕಳೆದ ಹಾಗೆ ಹಳದಿಗೆ ತಿರುಗುವುದು ಇದಕ್ಕೆ ಒಳ್ಳೆಯ ಉದಾಹರಣೆ.

ಬಣ್ಣವನ್ನು ನಂಬಿದರೆ ಏನಾಗುತ್ತದೆ ಎಂದು ನೋಡಲು ಅರೋಮಿಯಾ ಕುಲ ಸಾಕು. ಅರೋಮಿಯಾ ಬುಂಗಿ ಎಂದರೆ ಹೊಳೆಯುವ ಕಪ್ಪು ಮೈ, ತಲೆಯ ಹಿಂದಿನ ಎದೆಕವಚ ಮಾತ್ರ ಕೆಂಪು. ಅರೋಮಿಯಾ ಮೊಸ್ಕಾಟಾ ಎಂದರೆ ಲೋಹದ ಹಸಿರು. ಇಲ್ಲಿಗೆ ಸುಲಭ ಅನಿಸುತ್ತದೆ. ಆದರೆ ಮೊಸ್ಕಾಟಾದಲ್ಲೇ ಎದೆಕವಚ ಕೆಂಪಾಗಿರುವ ಉಪಪ್ರಭೇದಗಳಿವೆ, ಬುಂಗಿಯಲ್ಲಿ ಪೂರ್ತಿ ಕಪ್ಪು ರೂಪವೂ ಇದೆ. ಹಾಗಾಗಿ ನೋಡಬೇಕಾದ್ದು ಹೊರರೆಕ್ಕೆಯ, ಅಂದರೆ ಬೆನ್ನು ಮುಚ್ಚುವ ಗಟ್ಟಿ ರೆಕ್ಕೆಯ ಮೇಲ್ಮೈ: ಬುಂಗಿಯದು ನಯವಾಗಿ ಹೊಳೆಯುತ್ತದೆ, ಮೊಸ್ಕಾಟಾದ್ದು ಸಣ್ಣ ಸುಕ್ಕುಗಳಿಂದ ತುಂಬಿ ಮಂಕಾಗಿರುತ್ತದೆ. ಈ ವ್ಯತ್ಯಾಸ ಲೂಪಿನಲ್ಲಿ ಸ್ಪಷ್ಟ. ಫೋನಿನ ಫೋಟೊದಲ್ಲಿ ಮಾತ್ರ ಎರಡೂ ಒಂದೇ ಥರ ಮಿಂಚುತ್ತವೆ.

ಹೀಗಾಗಿ ಪ್ರತಿ ಸಾಧನಕ್ಕೂ ನಾವು ಕೇಳುವ ಪ್ರಶ್ನೆ ಒಂದೇ. ಎರಡು ಪ್ರಭೇದಗಳನ್ನು ಬೇರೆ ಮಾಡುವ ಆ ಒಂದು ಲಕ್ಷಣ, ಅದು ಗುಳಿಯೋ ಗುಬ್ಬಿಯೋ (ಅಂದರೆ ಸಣ್ಣ ಉಬ್ಬೋ) ಕೂದಲಿನ ಗೆರೆಯೋ ಏನೇ ಆಗಿರಲಿ, ಇದರಲ್ಲಿ ಕಾಣುತ್ತದೆಯೇ? ಕಾಣದಿದ್ದರೆ ಅದು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬ ಮಾತು ಬೇಡ.

ಗುರುತಿಸುವ ಆ್ಯಪ್‌ಗಳು

ಇವುಗಳ ಒಳ್ಳೆಯ ಗುಣ ಮೊದಲು. ಇದು ನೀಳಮೀಸೆಯೇ ಅಲ್ಲವೇ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಸರಿಯಾಗಿ ಬರುತ್ತದೆ. ಉದ್ದ ಮೀಸೆಯ ಎಲ್ಲ ಜೀರುಂಡೆಯೂ ಈ ಕುಟುಂಬದ್ದಲ್ಲ, ಈ ಕುಟುಂಬದ ಎಲ್ಲದಕ್ಕೂ ಮೀಸೆ ಉದ್ದವಿಲ್ಲ. ಹೊಸಬರು ಎಡವುವ ಈ ಜಾಗದಲ್ಲಿ ಆ್ಯಪ್ ನೆರವಿಗೆ ಬರುತ್ತದೆ. ಮಚ್ಚೆ, ಮೈಕಟ್ಟು ಎದ್ದು ಕಾಣುವ ಕುಲಗಳನ್ನು ಕ್ಷಣದಲ್ಲಿ ಹೇಳುತ್ತದೆ.

ಎಡವಟ್ಟು ಎಲ್ಲಿ ಆಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಮೊನೊಕ್ಯಾಮಸ್ ಗ್ಯಾಲೊಪ್ರೊವಿನ್ಸಿಯಾಲಿಸ್ ಮತ್ತು ಮೊನೊಕ್ಯಾಮಸ್ ಸುಟೊರ್ ಎಂಬ ಯುರೋಪಿನ ಎರಡು ಪ್ರಭೇದಗಳನ್ನು ತೆಗೆದುಕೊಳ್ಳಿ. ಇವನ್ನು ಬೇರೆ ಮಾಡುವ ಮುಖ್ಯ ಲಕ್ಷಣ ಸ್ಕ್ಯುಟೆಲ್ಲಮ್‌ನಲ್ಲಿದೆ, ಅಂದರೆ ಎರಡು ಹೊರರೆಕ್ಕೆಗಳು ಬುಡದಲ್ಲಿ ಸೇರುವಲ್ಲಿ ಕಾಣುವ ಪುಟ್ಟ ಬಿಲ್ಲೆ. ಅದರ ಮೇಲೆ ತಿಳಿಬಣ್ಣದ ಕೂದಲಿನ ಹೊದಿಕೆ, ನಡುವೆ ಕೂದಲಿಲ್ಲದ ಕಪ್ಪು ಗೆರೆ. ಸುಟೊರ್‌ನಲ್ಲಿ ಆ ಗೆರೆ ಬಿಲ್ಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸೀಳುತ್ತದೆ, ಗ್ಯಾಲೊಪ್ರೊವಿನ್ಸಿಯಾಲಿಸ್‌ನಲ್ಲಿ ಮುಂಭಾಗದಲ್ಲಷ್ಟೇ ಇದ್ದು ನಿಂತುಹೋಗುತ್ತದೆ. ಗೆರೆಯ ಅಗಲ 0.1 ಮಿ.ಮೀ. ಎಂದುಕೊಳ್ಳಿ. 20 ಮಿ.ಮೀ. ಉದ್ದದ ಜೀರುಂಡೆ ಫೋಟೊದಲ್ಲಿ 3,000 ಪಿಕ್ಸೆಲ್ ತುಂಬಿದ್ದರೆ ಗೆರೆಗೆ ಸಿಗುವುದು 15 ಪಿಕ್ಸೆಲ್, ಆರಾಮವಾಗಿ ಕಾಣುತ್ತದೆ. ಆದರೆ ಚಿತ್ರ ಗುರುತಿಸುವ ಹೆಚ್ಚಿನ ಮಾದರಿಗಳು ಫೋಟೊವನ್ನು ಕೆಲವು ನೂರು ಪಿಕ್ಸೆಲ್‌ಗಳ ಚೌಕಕ್ಕೆ ಕುಗ್ಗಿಸಿದ ಮೇಲೆಯೇ ನೋಡುತ್ತವೆ. ಇಡೀ ಜೀರುಂಡೆಗೆ 300 ಪಿಕ್ಸೆಲ್ ಉಳಿದರೆ ಗೆರೆಗೆ ಒಂದೂವರೆ ಪಿಕ್ಸೆಲ್. ಇಲ್ಲದ ಮಾಹಿತಿಯ ಮೇಲೆ ಯಾವ ಬುದ್ಧಿವಂತ ಯಂತ್ರವೂ ತೀರ್ಪು ಕೊಡಲಾರದು. ಅದು ಕೊಡುವ ಹೆಸರು ಆ ಪ್ರದೇಶದಲ್ಲಿ ಹೆಚ್ಚು ಸಲ ಫೋಟೊ ಆದ ಪ್ರಭೇದದ್ದು.

ಜೀವಿಗಳ ಫೋಟೊ ಹಾಕಿ ಹೆಸರು ಕೇಳುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣ ವೇದಿಕೆಯ ನಿಜವಾದ ಬೆಲೆ ಅಲ್ಲಿನ ಯಂತ್ರಕ್ಕಿಂತ ಅಲ್ಲಿ ಕೂತಿರುವ ಜನರಲ್ಲಿದೆ. ಬಲ್ಲವರು ಬಂದು ನೋಡುತ್ತಾರೆ, ನೋಡಲು ಅವರಿಗೆ ಸಾಮಗ್ರಿ ಕೊಡುವುದು ನಿಮ್ಮ ಕೆಲಸ. ಮೇಲೇರಿಸಿದ ಫೋಟೊ ಅಲ್ಲಿ ಗರಿಷ್ಠ 2,048 ಪಿಕ್ಸೆಲ್‌ಗೆ ಇಳಿಯುತ್ತದೆ, ಆದ್ದರಿಂದ ಒಂದು ದೊಡ್ಡ ಫೋಟೊ ಹಾಕಿ 'ಜೂಮ್ ಮಾಡಿ ನೋಡಿ' ಎನ್ನುವುದರಲ್ಲಿ ಅರ್ಥವಿಲ್ಲ. ಭಾಗಗಳನ್ನು ಕತ್ತರಿಸಿ ಬೇರೆ ಬೇರೆ ಫೋಟೊ ಮಾಡಿ ಹಾಕಿ: ನೆತ್ತಿಯ ಮೇಲಿಂದ ಇಡೀ ಮೈ, ಪಕ್ಕದಿಂದ ಎದೆ ಮತ್ತು ಅದರ ಮುಳ್ಳು, ಎದುರಿನಿಂದ ಮುಖ, ಸ್ಕ್ಯುಟೆಲ್ಲಮ್ ಮತ್ತು ಹೊರರೆಕ್ಕೆಯ ಬುಡ ಒಟ್ಟಿಗೆ, ಹೊರರೆಕ್ಕೆಯ ತುದಿ, ಹಿಂಗಾಲಿನ ಪಾದ, ಹೊಟ್ಟೆಯ ಅಡಿ. ಅಳತೆಪಟ್ಟಿ ಇಡುವುದಾದರೆ ಜೀರುಂಡೆಯ ಬೆನ್ನಿನ ಮಟ್ಟಕ್ಕೆ ಎತ್ತಿ ಇಡಿ. ನೆಲದ ಮೇಲಿಟ್ಟ ಪಟ್ಟಿ ಕ್ಯಾಮೆರಾಕ್ಕೆ ದೂರವಿರುವುದರಿಂದ ಜೀರುಂಡೆ ಇರುವುದಕ್ಕಿಂತ ದೊಡ್ಡದಾಗಿ ಅಳೆಯುತ್ತದೆ.

ಆ ವೇದಿಕೆಯ 'ರಿಸರ್ಚ್ ಗ್ರೇಡ್' ಮುದ್ರೆಗೆ ಮರುಳಾಗುವವರು ಬಹಳ. ಕನಿಷ್ಠ ಇಬ್ಬರು ಹೆಸರು ಹೇಳಿ, ಹೇಳಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಪಾಲು ಒಪ್ಪಿದರೆ ಆ ಮುದ್ರೆ ಬೀಳುತ್ತದೆ. ಫೋಟೊ ಹಾಕಿದವರು ಯಂತ್ರ ಹೇಳಿದ ಹೆಸರನ್ನೇ ಒತ್ತಿ, ಇನ್ನೊಬ್ಬರು ಅದಕ್ಕೆ ಹೂಂಗುಟ್ಟಿದರೂ ಇಬ್ಬರಾದರು. ಫೋಟೊದಲ್ಲಿ ನಿರ್ಣಾಯಕ ಲಕ್ಷಣ ಕಾಣುತ್ತಿದೆಯೇ ಎಂದು ನೀವೇ ನೋಡಿ, ಮುದ್ರೆ ಆಮೇಲೆ.

ಕೊಲ್ಲಲಾಗದ ಜೀರುಂಡೆಗಳ ವಿಷಯದಲ್ಲಿ ಫೋಟೊ ಬಿಟ್ಟು ದಾರಿಯೂ ಇಲ್ಲ. ಸೆರಾಂಬಿಕ್ಸ್ ಸೆರ್ಡೊ, ರೊಸಾಲಿಯಾ ಆಲ್ಪಿನಾ ಇವೆರಡೂ ಯುರೋಪಿನಲ್ಲಿ ಕಾನೂನಿನ ರಕ್ಷಣೆ ಇರುವಂಥವು. ಅದೃಷ್ಟಕ್ಕೆ ಸೆರ್ಡೊ ಮತ್ತು ಅದರ ಚಿಕ್ಕ ದಾಯಾದಿ ಸೆರಾಂಬಿಕ್ಸ್ ಸ್ಕೊಪೋಲಿ ಫೋಟೊದಲ್ಲೇ ಬೇರೆಯಾಗುತ್ತವೆ: ಸೆರ್ಡೊದ ಹೊರರೆಕ್ಕೆ ತುದಿಗೆ ಬರುತ್ತಾ ಕೆಂಗಂದು, ಸ್ಕೊಪೋಲಿ ಪೂರ್ತಿ ಕಪ್ಪು. ಜೀವಂತ ಜೀರುಂಡೆ ನಿಲ್ಲದೆ ಓಡಾಡುತ್ತಿದ್ದರೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಭಾಗದಲ್ಲಿ 10–15 ನಿಮಿಷ ಇಡಿ, ಫ್ರೀಜರ್ ಬೇಡ. ಹಿಡಿಯುವಾಗ ಎದೆಯ ಎರಡು ಬದಿಯಿಂದ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿಯಬೇಕು. ಕಿರ್ ಕಿರ್ ಎಂದು ಸದ್ದು ಮಾಡುತ್ತದೆ. ಎದೆಯ ಕವಚಗಳನ್ನು ಒಂದಕ್ಕೊಂದು ಉಜ್ಜಿ ಬರುವ ಸದ್ದು ಅದು, ಹೆದರಬೇಕಿಲ್ಲ. ಹೆದರಬೇಕಾದ್ದು ದವಡೆಗೆ.

10ಎಕ್ಸ್ ಲೂಪ್

ನಮ್ಮ ಲೆಕ್ಕದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡುವ ಸಾಧನ ಇದೇ. ಮೂರು ಗಾಜು ಅಂಟಿಸಿ ಮಾಡಿದ ಟ್ರಿಪ್ಲೆಟ್ ಆಗಿರಲಿ, ಮಸೂರದ ವ್ಯಾಸ 18ರಿಂದ 21 ಮಿ.ಮೀ. ಇರಲಿ. ಒಂಟಿ ಗಾಜಿನ ಲೂಪ್ ನಡುವೆ ಮಾತ್ರ ಚೊಕ್ಕಟ, ಅಂಚಿನಲ್ಲಿ ನೀಲಿ-ಹಳದಿ ಸೆರಗು ಬರುತ್ತದೆ. ಕೂದಲಿನ ಬಣ್ಣ ಬಿಳಿಯೋ ತಿಳಿಹಳದಿಯೋ ಎಂದು ಹೇಳಬೇಕಾದಾಗ ಆ ಸೆರಗು ದಾರಿ ತಪ್ಪಿಸುತ್ತದೆ.

ಲೂಪಿನ ಮೇಲೆ ಒತ್ತಿದ ಅಂಕಿಯನ್ನು ನಂಬಬೇಡಿ. '30×21' ಎಂದು ಮುದ್ರೆ ಇರುವ ಅಗ್ಗದ ಲೂಪ್ ಎಲ್ಲೆಡೆ ಸಿಗುತ್ತದೆ. 30 ಪಟ್ಟು, 21 ಮಿ.ಮೀ. ವ್ಯಾಸ ಎಂದು ಅದರ ಅರ್ಥವಂತೆ. ಪರೀಕ್ಷೆ ಸುಲಭ. ದೂರದ ಕಿಟಕಿಯ ಬಿಂಬವನ್ನು ಲೂಪಿನ ಮೂಲಕ ಬಿಳಿ ಕಾಗದದ ಮೇಲೆ ಬೀಳಿಸಿ, ಬಿಂಬ ಚೂಪಾದಾಗ ಮಸೂರದಿಂದ ಕಾಗದಕ್ಕೆ ಎಷ್ಟು ಮಿ.ಮೀ. ಎಂದು ಅಳೆಯಿರಿ, 250ನ್ನು ಅದರಿಂದ ಭಾಗಿಸಿ. 25 ಮಿ.ಮೀ. ಬಂದರೆ 10ಎಕ್ಸ್. ನಿಜವಾದ 30ಎಕ್ಸ್ ಆಗಿದ್ದರೆ ಬಿಂಬ 8 ಮಿ.ಮೀ. ಚಿಲ್ಲರೆ ದೂರದಲ್ಲೇ ಮೂಡಬೇಕು, ಅಷ್ಟು ಅಗಲದ ಗಾಜಿನಲ್ಲಿ ಅದು ಆಗದ ಮಾತು. 20ಎಕ್ಸ್ ನಿಜವಾದದ್ದೇ ಸಿಕ್ಕರೂ ಮೊದಲ ಲೂಪಾಗಿ ಬೇಡ. ಜೀರುಂಡೆಯನ್ನು 12 ಮಿ.ಮೀ. ಹತ್ತಿರ ತರಬೇಕಾಗುತ್ತದೆ, ನಿಮ್ಮ ಹಣೆ, ಮೂಗೇ ಬೆಳಕಿಗೆ ಅಡ್ಡ ಬರುತ್ತವೆ.

ಹಿಡಿಯುವ ಕ್ರಮ ತಪ್ಪಾಗಿ 'ಲೂಪಿನಲ್ಲಿ ಏನೂ ಕಾಣಲ್ಲ' ಎನ್ನುವವರೇ ಹೆಚ್ಚು. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಅಲ್ಲೇ ನಿಲ್ಲಿಸಿ, ಜೀರುಂಡೆಯನ್ನು ಅದರ ಕಡೆಗೆ ತನ್ನಿ. ಎರಡೂ ಕೈಗಳ ಬೆರಳು ಒಂದಕ್ಕೊಂದು ತಾಗಿರಲಿ, ಆಗ ನಡುಕ ನಿಲ್ಲುತ್ತದೆ. ಇನ್ನೊಂದು ಕಣ್ಣು ತೆರೆದೇ ಇರಲಿ, ದಣಿವು ಕಡಿಮೆ.

ಬೆಳಕಿನ ವಿಷಯ ಇಲ್ಲೇ ಹೇಳಬೇಕು, ಮುಂದಿನ ಎಲ್ಲ ಸಾಧನಗಳಿಗೂ ಇದೇ ಅನ್ವಯ. ಗುಳಿ, ಗುಬ್ಬಿ, ಏಣುಗಳನ್ನು ನೋಡಲು ದೀಪ ಪಕ್ಕದಿಂದ, ಮೇಲ್ಮೈಗೆ ಸವರಿದ ಹಾಗೆ ಬರಬೇಕು. ಸಂಜೆಯ ಬಿಸಿಲಿನಲ್ಲಿ ಉಳುಮೆ ಮಾಡಿದ ಹೊಲದ ಸಾಲುಗಳು ಎದ್ದು ಕಾಣುವಂತೆ ಆಗ ಪ್ರತಿ ಗುಳಿಗೂ ನೆರಳು ಬೀಳುತ್ತದೆ. ಕೂದಲಿನ ಬಣ್ಣ, ಹರಡಿಕೆ ನೋಡಲು ಇದಕ್ಕೆ ತದ್ವಿರುದ್ಧ, ದೀಪದ ಮುಂದೆ ಬಟರ್ ಪೇಪರ್ ಹಿಡಿದು ಬೆಳಕನ್ನು ಮೆತ್ತಗೆ ಮಾಡಿಕೊಳ್ಳಬೇಕು. ಒಂದೇ ದೀಪದಲ್ಲಿ ಎರಡನ್ನೂ ನೋಡಿದೆವು ಎನ್ನುವವರು ಒಂದನ್ನು ನೋಡಿರುವುದಿಲ್ಲ.

ಈಗ ಲೂಪ್ ಏನು ಮಾಡಬಲ್ಲದು ಎಂದು ನೋಡಿ. ಮೊದಲ ಹೆಜ್ಜೆ ಉಪಕುಟುಂಬ. ಮುಖ ಲಂಬವಾಗಿ ಕೆಳಗಿಳಿದಿದ್ದು, ಬಾಯಿಯ ಪಕ್ಕದ ಮೆಲುಕೈಯ (ಪ್ಯಾಲ್ಪ್ ಎಂಬ ಪುಟ್ಟ ಸ್ಪರ್ಶಾಂಗದ) ಕೊನೆಯ ಖಂಡ ಚೂಪಾಗಿದ್ದರೆ ಲ್ಯಾಮಿನೇ. ಮುಂಗಾಲಿನ ಮೊಣಕಾಲ ಕೆಳಗಿನ ಖಂಡದ ಒಳಬದಿಯಲ್ಲಿ ಓರೆಯಾದ ತೋಡು ಸಿಕ್ಕರೆ ಅನುಮಾನ ಬೇಡ. ಕೊನೆಯ ಖಂಡದ ತುದಿ ಕತ್ತರಿಸಿದಂತಿದ್ದರೆ ಬೇರೆ ಉಪಕುಟುಂಬಗಳ ಕಡೆ ಹೋಗಿ. ಪಾದದಲ್ಲಿ ನಾಲ್ಕೇ ಖಂಡ ಎಣಿಸಿ ಗಾಬರಿಯಾಗಬೇಡಿ. ಇರುವುದು ಐದು, ನಾಲ್ಕನೆಯದು ತೀರಾ ಪುಟ್ಟದಾಗಿ ಮೂರನೆಯದರ ಎರಡು ಹಾಲೆಗಳ ನಡುವೆ ಅಡಗಿ ಕೂತಿರುತ್ತದೆ.

ಅನೊಪ್ಲೊಫೊರಾ ಗ್ಲಾಬ್ರಿಪೆನ್ನಿಸ್ ಮತ್ತು ಅನೊಪ್ಲೊಫೊರಾ ಚೈನೆನ್ಸಿಸ್ ಲೂಪಿನ ಪರೀಕ್ಷೆಗೆ ಹೇಳಿಮಾಡಿಸಿದ ಜೋಡಿ. ಎರಡೂ ಹೊಳೆಯುವ ಕಪ್ಪು, ಎರಡಕ್ಕೂ ಬಿಳಿ ಚುಕ್ಕೆ, ಎರಡರ ಮೀಸೆಗೂ ನೀಲಿ-ಬಿಳಿ ಉಂಗುರ, ಎರಡೂ ಏಷ್ಯಾದಿಂದ ಹೊರಗೆ ಹೋಗಿ ಮರಗಳಿಗೆ ಕಂಟಕವಾದವು. ಮೊದಲನೆಯದು ಅಮೆರಿಕದಲ್ಲಿ 1996ರಲ್ಲಿ ನ್ಯೂಯಾರ್ಕಿನಲ್ಲಿ ಪತ್ತೆಯಾಯಿತು, ಎರಡನೆಯದು 2000ದಲ್ಲಿ ಇಟಲಿಯ ಲೊಂಬಾರ್ಡಿಯಲ್ಲಿ. ಹೊರರೆಕ್ಕೆಯ ಬುಡಕ್ಕೆ ಅಡ್ಡ ಬೆಳಕು ಹಾಯಿಸಿ. ಚೈನೆನ್ಸಿಸ್‌ನಲ್ಲಿ ಅಲ್ಲಿ 20ರಿಂದ 40 ಸಣ್ಣ ಗುಬ್ಬಿಗಳು ಹರಳು ಹರಳಾಗಿ ಏಳುತ್ತವೆ, ಗ್ಲಾಬ್ರಿಪೆನ್ನಿಸ್‌ನಲ್ಲಿ ಬುಡ ನಯ. ಉಗುರಿನಿಂದ ಸವರಿದರೂ ಗೊತ್ತಾಗುತ್ತದೆ. ಜೀರುಂಡೆ ಸಿಗದೆ ಮರವಷ್ಟೇ ಸಿಕ್ಕರೆ ಹೊರಬಿದ್ದ ತೂತು ನೋಡಿ: ಚೈನೆನ್ಸಿಸ್ ಹೊರಬರುವುದು ಕಾಂಡದ ಬುಡ, ಮೇಲೆದ್ದ ಬೇರುಗಳಿಂದ, ಗ್ಲಾಬ್ರಿಪೆನ್ನಿಸ್ ಕಾಂಡದ ಮೇಲ್ಭಾಗ, ಕೊಂಬೆಗಳಿಂದ. ಉತ್ತರ ಅಮೆರಿಕದಲ್ಲಿ ಗ್ಲಾಬ್ರಿಪೆನ್ನಿಸ್ ಎಂದು ಜನ ಹಿಡಿದು ತರುವುದರಲ್ಲಿ ಬಹಳಷ್ಟು ಅಲ್ಲಿಯದೇ ಆದ ಮೊನೊಕ್ಯಾಮಸ್ ಸ್ಕ್ಯುಟೆಲ್ಲಾಟಸ್. ಅದರ ಸ್ಕ್ಯುಟೆಲ್ಲಮ್ ಬೆಳ್ಳಗೆ, ಗ್ಲಾಬ್ರಿಪೆನ್ನಿಸ್‌ದು ಕಪ್ಪು. ಲೂಪ್ ಕೂಡ ಬೇಕಿಲ್ಲ ಇದಕ್ಕೆ.

ಕಾಫಿಯ ಬಿಳಿ ಕಾಂಡಕೊರಕ ಕ್ಸೈಲೊಟ್ರೆಕಸ್ ಕ್ವಾಡ್ರಿಪೆಸ್ ಮತ್ತು ಅದೇ ಬಗೆಯ ಪಟ್ಟೆ ಹೊತ್ತ ಬೇರೆ ಕುಲಗಳ ಗೊಂದಲವೂ ಲೂಪಿನಲ್ಲೇ ಬಗೆಹರಿಯುತ್ತದೆ. ಹಣೆಯ ಮೇಲೆ ಉದ್ದುದ್ದ ಏಣು ಇದ್ದರೆ ಕ್ಸೈಲೊಟ್ರೆಕಸ್. ಏಣಿಲ್ಲದೆ ಹಣೆ ಸಪಾಟಾಗಿದ್ದರೆ ಕ್ಲೋರೊಫೋರಸ್ ಕಡೆ ನೋಡಿ. ಮೀಸೆಯ ಮೂರು, ನಾಲ್ಕನೆಯ ಖಂಡಗಳ ತುದಿಯಲ್ಲಿ ಮುಳ್ಳಿದ್ದರೆ ಡೆಮೊನ್ಯಾಕ್ಸ್. ಪಟ್ಟೆಯ ವಿನ್ಯಾಸವನ್ನು ಮೊದಲು ನೋಡಿ ಹೆಸರಿಗೆ ಹಾರುವವರು ಈ ಮೂರರಲ್ಲಿ ತಪ್ಪದೆ ಎಡವುತ್ತಾರೆ.

ಫೋನಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್

ದಾಖಲೆಗೆ ಒಳ್ಳೆಯದು, ನಿರ್ಣಯಕ್ಕೆ ಅರೆಬರೆ. ತೊಂದರೆ ಲೆನ್ಸಿನದಕ್ಕಿಂತ ಫೋನಿನದು. ಚಿತ್ರದ ಕಾಳುಕಾಳು ಅಳಿಸುವ, ಅಂಚು ಹರಿತ ಮಾಡುವ ಅದರ ತಂತ್ರಾಂಶ ಸಣ್ಣ ಗುಳಿಗಳನ್ನೂ ನವಿರು ಕೂದಲನ್ನೂ 'ಕೊಳೆ' ಎಂದು ಭಾವಿಸಿ ಒರೆಸಿ ಹಾಕುತ್ತದೆ. ಮಂಕು ಮೇಲ್ಮೈ ಫೋಟೊದಲ್ಲಿ ನುಣುಪಾಗಿಬಿಡುತ್ತದೆ. ಸಾಧ್ಯವಿದ್ದರೆ ರಾ ಕಡತದಲ್ಲಿ, ಅಂದರೆ ಫೋನು ತಿದ್ದದ ಕಚ್ಚಾ ರೂಪದಲ್ಲಿ ತೆಗೆಯಿರಿ, ಫೋನಿನ ಮುಖ್ಯ ಕ್ಯಾಮೆರಾದ ಮೇಲೆಯೇ ಲೆನ್ಸ್ ಕೂರಿಸಿ, ಸ್ವಯಂಚಾಲಿತವಾಗಿ ಕ್ಯಾಮೆರಾ ಬದಲಾಯಿಸುವುದನ್ನು ನಿಲ್ಲಿಸಿ. ಫೋಕಸ್ ಕಾಗದದಷ್ಟು ತೆಳ್ಳಗಿರುವುದರಿಂದ ಜೀರುಂಡೆಯನ್ನು ಕೂದಲೆಳೆಯಷ್ಟು ಸರಿಸುತ್ತಾ ಹತ್ತಾರು ಫೋಟೊ ತೆಗೆದು ಒಂದಾಗಿಸಬೇಕಾಗುತ್ತದೆ, ಜೀವಂತ ಜೀರುಂಡೆ ಅದಕ್ಕೆ ಒಪ್ಪುವುದಿಲ್ಲ.

ಯುಎಸ್‌ಬಿ ಮೈಕ್ರೊಸ್ಕೋಪ್

'1000ಎಕ್ಸ್' ಎಂದು ಡಬ್ಬಿಯ ಮೇಲಿರುತ್ತದೆ. ತೆರೆ ದೊಡ್ಡದಾದಷ್ಟೂ ಪಟ್ಟು ದೊಡ್ಡದಾಗುವ ಲೆಕ್ಕ ಅದು, ವಿವರ ಹೆಚ್ಚುವುದಿಲ್ಲ. ಮಸೂರದ ಸುತ್ತ ಇರುವ ಎಲ್‌ಇಡಿ ಉಂಗುರ ಹೊಳೆಯುವ ಹೊರರೆಕ್ಕೆಯ ಮೇಲೆ ಎಂಟು ಬಿಳಿ ಚುಕ್ಕೆಯಾಗಿ ಪ್ರತಿಫಲಿಸಿ, ಚುಕ್ಕೆಯೇ ಲಕ್ಷಣವಾದ ಜೀರುಂಡೆಯಲ್ಲಿ ಇಲ್ಲದ ಚುಕ್ಕೆಗಳನ್ನು ಸೇರಿಸುತ್ತದೆ. ಎರಡು ಕಣ್ಣಿನ ಆಳದ ಅರಿವು ಇಲ್ಲದ ಕಾರಣ ಕಪ್ಪು ಚುಕ್ಕೆ ಗುಳಿಯೋ ಗುಬ್ಬಿಯೋ ಹೇಳಲಾಗದು. ಅಳತೆ ತಂತ್ರಾಂಶ ಇದೆ, ಆದರೆ ಫೋಕಸ್ ತಿರುಗಿಸಿದಾಗಲೆಲ್ಲ ವರ್ಧನೆಯೂ ಬದಲಾಗುವುದರಿಂದ ಪ್ರತಿ ಸಲ ಮಾಪಕ ಇಟ್ಟು ಸರಿಹೊಂದಿಸದ ಅಳತೆ ಸುಳ್ಳು. ಹತ್ತು ಜನಕ್ಕೆ ಒಟ್ಟಿಗೆ ತೆರೆಯ ಮೇಲೆ ತೋರಿಸಲು ಪರವಾಗಿಲ್ಲ. ಎಲ್‌ಇಡಿ ಆರಿಸಿ, ಹೊರಗಿನಿಂದ ಪಕ್ಕದ ದೀಪ ಹಾಕಿದರೆ ಸ್ವಲ್ಪ ಮರ್ಯಾದೆಯ ಚಿತ್ರ ಬರುತ್ತದೆ.

ಸ್ಟೀರಿಯೊ ಮೈಕ್ರೊಸ್ಕೋಪ್

ಲೂಪ್ ಸೋಲುವ ಕಡೆ ಇದು ಬೇಕೇ ಬೇಕು. ಅರ್ಹೋಪಾಲಸ್ ರಸ್ಟಿಕಸ್ ಮತ್ತು ಅರ್ಹೋಪಾಲಸ್ ಫೆರಸ್ ಎರಡೂ ಕಂದು, ಎರಡೂ ಪೈನ್ ಮರದವು, ಬರಿಗಣ್ಣಿಗೆ ಬೇರೆ ಮಾಡಲು ಏನೂ ಇಲ್ಲ. ರಸ್ಟಿಕಸ್‌ನ ಸಂಯುಕ್ತ ಕಣ್ಣಿನ ಮೇಲೆ ಸಣ್ಣ ಕೂದಲು ಎದ್ದಿರುತ್ತವೆ, ಫೆರಸ್‌ನ ಕಣ್ಣು ಬೋಳು. 30–40 ಪಟ್ಟಿನಲ್ಲಿ, ಕಣ್ಣಿನ ಅಂಚನ್ನು ತಿಳಿ ಹಿನ್ನೆಲೆಯ ಎದುರು ಪಕ್ಕದಿಂದ ನೋಡಿದರೆ ಕೂದಲು ಸಾಲಾಗಿ ಕಾಣುತ್ತದೆ. ನೇರ ಮೇಲಿಂದ ನೋಡಿದರೆ ಕಾಣುವುದಿಲ್ಲ, 'ಕೂದಲಿಲ್ಲ' ಎಂಬ ತಪ್ಪು ತೀರ್ಮಾನ ಹುಟ್ಟುವುದು ಅಲ್ಲೇ.

ಟೆಟ್ರೋಪಿಯಂ ಕುಲದ ಕತೆ ಇನ್ನೂ ದುಬಾರಿಯದು. ಯುರೋಪಿನ ಟೆಟ್ರೋಪಿಯಂ ಫಸ್ಕಂ ಕೆನಡಾದ ಹ್ಯಾಲಿಫ್ಯಾಕ್ಸ್‌ನ ಪಾಯಿಂಟ್ ಪ್ಲೆಸೆಂಟ್ ಪಾರ್ಕಿನಲ್ಲಿ ನೆಲೆಸಿದೆ ಎಂದು ತಿಳಿದದ್ದು 1999ರಲ್ಲಿ. ಹಳೆಯ ಸಂಗ್ರಹ ತೆಗೆದು ನೋಡಿದರೆ 1990ರಲ್ಲೇ ಹಿಡಿದ ಮಾದರಿಗಳು ಅಲ್ಲಿಯದೇ ಪ್ರಭೇದವಾದ ಟೆಟ್ರೋಪಿಯಂ ಸಿನ್ನಮಾಪ್ಟೆರಂ ಎಂಬ ಚೀಟಿ ಹೊತ್ತು ಕೂತಿದ್ದವು. ಪರದೇಶದ ಕೀಟಕ್ಕೆ ಒಂಬತ್ತು ವರ್ಷ ಸಿಕ್ಕಿತು. ಈ ಕುಲದಲ್ಲಿ ಮುಖ್ಯವಾಗಿ ನೋಡುವುದು ಎದೆಕವಚದ ಗುಳಿಗಳ ಸಾಂದ್ರತೆ. ಟೆಟ್ರೋಪಿಯಂ ಕ್ಯಾಸ್ಟೇನಿಯಂನಲ್ಲಿ ಗುಳಿ ವಿರಳ, ನಡುವಿನ ಜಾಗ ಹೊಳೆಯುತ್ತದೆ. ಫಸ್ಕಂನಲ್ಲಿ ಗುಳಿ ಒತ್ತೊತ್ತಾಗಿ ಮೇಲ್ಮೈ ಮಂಕು. 'ಒತ್ತೊತ್ತು' ಎಷ್ಟು ಎಂದು ಪ್ರಭೇದ ಗುರುತಿಸುವ ಲಕ್ಷಣಗಳ ಕೀಲಿ ಓದಿ ಊಹಿಸುವುದಕ್ಕಿಂತ, ಸರಿಯಾಗಿ ಗುರುತಿಸಿದ ಎರಡೂ ಪ್ರಭೇದಗಳ ಮಾದರಿ ಪಕ್ಕದಲ್ಲಿಟ್ಟು ಒಂದೇ ವರ್ಧನೆ, ಒಂದೇ ದೀಪದಲ್ಲಿ ಹೋಲಿಸಿ.

ಕೊಳ್ಳುವಾಗ ನೋಡಬೇಕಾದ್ದು: 10ಎಕ್ಸ್ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ), 0.7ರಿಂದ 4.5ರವರೆಗಿನ ಜೂಮ್, ಅಂದರೆ ಒಟ್ಟು 7ರಿಂದ 45 ಪಟ್ಟು. ಇದಕ್ಕಿಂತ ಹೆಚ್ಚು ಈ ಕೆಲಸಕ್ಕೆ ಬೇಡ. ಐಪೀಸಿನ ಮೇಲಿರುವ ಕ್ಷೇತ್ರಾಂಕವನ್ನು (ಫೀಲ್ಡ್ ನಂಬರ್) ಜೂಮ್ ಅಂಕಿಯಿಂದ ಭಾಗಿಸಿದರೆ ಎಷ್ಟು ಅಗಲ ಕಾಣುತ್ತದೆ ಎಂದು ಸಿಗುತ್ತದೆ. ಕ್ಷೇತ್ರಾಂಕ 20 ಇದ್ದರೆ ಕೆಳಗಿನ ತುದಿಯಲ್ಲಿ ಸುಮಾರು 29 ಮಿ.ಮೀ., ಮೇಲಿನ ತುದಿಯಲ್ಲಿ ಸುಮಾರು 4.4 ಮಿ.ಮೀ. ಅಂದರೆ ಮಧ್ಯಮ ಗಾತ್ರದ ಜೀರುಂಡೆ ಮೀಸೆ ಬಿಟ್ಟು ಪೂರ್ತಿ ಕಾಣುತ್ತದೆ, ದೊಡ್ಡ ಬಟೊಸೆರಾ ಕಾಣುವುದಿಲ್ಲ. 0.5ಎಕ್ಸ್ ಸಹಾಯಕ ಮಸೂರ ಹಾಕಿದರೆ ಕ್ಷೇತ್ರ ಎರಡರಷ್ಟಾಗುತ್ತದೆ, ಕೆಲಸದ ದೂರವೂ ಹೆಚ್ಚಾಗುತ್ತದೆ. ಕಂಬ ಅಷ್ಟು ಎತ್ತರ ಏರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇದನ್ನು ಮರೆತು ಮಸೂರ ತಂದು ಪೆಟ್ಟಿಗೆಯಲ್ಲೇ ಇಟ್ಟವರು ಸಾಕಷ್ಟಿದ್ದಾರೆ.

ಹಳೆಯದು ಕೊಳ್ಳುವುದಾದರೆ ಗ್ರಾಫ್ ಹಾಳೆ ಒಯ್ಯಿರಿ. ಗರಿಷ್ಠ ಜೂಮ್‌ನಲ್ಲಿ ಒಂದು ಚೌಕದ ಮೂಲೆಯನ್ನು ನಡುವೆ ತಂದು ಎಡಗಣ್ಣು, ಬಲಗಣ್ಣು ಒಂದೊಂದಾಗಿ ಮುಚ್ಚಿ ನೋಡಿ. ಮೂಲೆ ಜಾಗ ಬಿಟ್ಟು ಜಿಗಿದರೆ ಒಳಗಿನ ಜೋಡಣೆ ಕದಲಿದೆ, ಅರ್ಧ ಗಂಟೆಯಲ್ಲಿ ತಲೆನೋವು ಗ್ಯಾರಂಟಿ. ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಡಯಾಪ್ಟರ್, ಅಂದರೆ ಒಂದೊಂದು ಕಣ್ಣಿಗೆ ಬೇರೆಯಾಗಿ ಚೂಪು ಮಾಡುವ ಉಂಗುರ, ಹೊಂದಿಸುವ ಕ್ರಮವೂ ಇದೆ: ಎರಡೂ ಸೊನ್ನೆಗೆ ಇಟ್ಟು ಗರಿಷ್ಠ ಜೂಮ್‌ನಲ್ಲಿ ಫೋಕಸ್ ಮಾಡಿ, ಕನಿಷ್ಠಕ್ಕೆ ಇಳಿದು ಫೋಕಸ್ ಗುಂಡಿ ಮುಟ್ಟದೆ ಒಂದೊಂದೇ ಕಣ್ಣಿನ ಡಯಾಪ್ಟರ್ ತಿರುಗಿಸಿ ಚೂಪು ಮಾಡಿ, ಮತ್ತೆ ಮೇಲೆ ಹೋಗಿ ಪರೀಕ್ಷಿಸಿ.

ಜೊತೆಗೆ ಮಾರುವ ಉಂಗುರ ದೀಪವನ್ನು ಬೇಡವೆನ್ನಿ, ಆ ದುಡ್ಡಿಗೆ ಎರಡು ಕುತ್ತಿಗೆಯ ದೀಪ ಕೇಳಿ. ಉಂಗುರ ದೀಪದಲ್ಲಿ ಎಲ್ಲ ಕಡೆಯಿಂದ ಬೆಳಕು ಬಿದ್ದು ನೆರಳೇ ಇಲ್ಲದೆ ಗುಳಿಗಳು ಸತ್ತುಹೋಗುತ್ತವೆ.

ಮಾದರಿ ಸಿದ್ಧವಿಲ್ಲದಿದ್ದರೆ ಒಳ್ಳೆಯ ಮೈಕ್ರೊಸ್ಕೋಪೂ ವ್ಯರ್ಥ. ಮದ್ಯಸಾರದಲ್ಲೋ ಕೀಟ ಹಿಡಿಯುವ ಬಲೆಯ ಗ್ಲೈಕಾಲ್ ದ್ರವದಲ್ಲೋ ನೆನೆದ ಜೀರುಂಡೆಯ ಕೂದಲು ಅಂಟಿಕೊಂಡು ಚುಕ್ಕೆ, ಪಟ್ಟೆ ಮಾಯವಾಗಿರುತ್ತದೆ. ಗ್ಲೈಕಾಲ್ ಆದರೆ ಮೊದಲು ನೀರಿನಲ್ಲಿ ತೊಳೆದು, ಆಮೇಲೆ ಮದ್ಯಸಾರದಲ್ಲಿ ಅದ್ದಿ, ಮೆತ್ತನೆ ಕುಂಚದಲ್ಲಿ ಕೂದಲಿನ ದಿಕ್ಕಿಗೇ ಸವರಿ ಪೂರ್ತಿ ಒಣಗಿಸಿ, ನಂತರ ತೀರ್ಮಾನಿಸಿ. ಪಿನ್ನನ್ನು ಬಲ ಹೊರರೆಕ್ಕೆಯ ಬುಡದ ಹತ್ತಿರ ಚುಚ್ಚಬೇಕು. ನಟ್ಟ ನಡುವೆ ಚುಚ್ಚಿ ಸ್ಕ್ಯುಟೆಲ್ಲಮ್ ಒಡೆದ ಮೊನೊಕ್ಯಾಮಸ್ ಮಾದರಿಯಲ್ಲಿ ಮೇಲೆ ಹೇಳಿದ ಗೆರೆಯನ್ನು ಎಲ್ಲಿ ಹುಡುಕುವುದು?

ಮೇಲ್ಮೈ ನೋಡಿ ಬಗೆಹರಿಯದ ಪ್ರಭೇದಗಳಿಗೆ ಗಂಡಿನ ಜನನಾಂಗ ಬಿಡಿಸಬೇಕು. ಒಣಗಿದ ಜೀರುಂಡೆಯನ್ನು ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ಬೆಚ್ಚನೆ ನೀರಿನಲ್ಲಿ ಮೆತ್ತಗಾಗುವವರೆಗೆ ಇಡಿ, ದೊಡ್ಡದಾದರೆ ರಾತ್ರಿಯಿಡೀ. ಹೊಟ್ಟೆಯ ತುದಿಯಿಂದ ನಂ. 5 ಚಿಮಟದಲ್ಲಿ ಅಂಗವನ್ನು ಎಳೆದು, 10% ಪೊಟ್ಯಾಶಿಯಂ ಹೈಡ್ರಾಕ್ಸೈಡ್‌ನಲ್ಲಿ ಹಾಕಿ. ಬೆಚ್ಚಗಿದ್ದರೆ 10–20 ನಿಮಿಷ, ತಣ್ಣಗಿದ್ದರೆ ಒಂದು ರಾತ್ರಿ. ಕನ್ನಡಕ, ಕೈಗವಸು ಮರೆಯಬೇಡಿ, ಚರ್ಮ ಸುಡುತ್ತದೆ. ಮಾಂಸ ಕರಗಿ ಅಂಗ ಕಂದಾಗಿ ಉಳಿದಾಗ ತೆಗೆಯಬೇಕು, ಹೆಚ್ಚು ಹೊತ್ತು ಬಿಟ್ಟರೆ ಗಾಜಿನಂತೆ ಪಾರದರ್ಶಕವಾಗಿ ಅಂಚೇ ಕಾಣದು. ನೀರಿನಲ್ಲಿ ತೊಳೆದು, ತೆಳು ಅಸಿಟಿಕ್ ಆಮ್ಲದಲ್ಲಿ ಅದ್ದಿ, ಗ್ಲಿಸರಿನ್‌ನಲ್ಲಿಟ್ಟು ನೋಡಿ. ನೋಡಿದ ಮೇಲೆ ಗ್ಲಿಸರಿನ್ ಇರುವ ಪುಟ್ಟ ಶೀಶೆಯಲ್ಲಿ ಹಾಕಿ ಅದೇ ಪಿನ್ನಿಗೆ ಸಿಕ್ಕಿಸಿ. ಬೇರೆ ಡಬ್ಬಿಯಲ್ಲಿಟ್ಟರೆ ಯಾವುದು ಯಾರದ್ದೋ ಆಗುತ್ತದೆ.

ಡಿಎನ್‌ಎ ಬಾರ್‌ಕೋಡಿಂಗ್ ಸೇವೆ

ಡಿಎನ್‌ಎಯ ಒಂದು ತುಣುಕನ್ನು ಓದಿ, ಹೆಸರು ಗೊತ್ತಿರುವ ಮಾದರಿಗಳ ಭಂಡಾರದೊಂದಿಗೆ ಹೋಲಿಸುವ ಸೇವೆ ಇದು. ಮರಿಹುಳು ಮಾತ್ರ ಸಿಕ್ಕಾಗ ಇದಕ್ಕೆ ಕೊಡುವ ದುಡ್ಡು ಸಾರ್ಥಕ, ಯಾಕೆಂದರೆ ಮರಿಹುಳುಗಳಲ್ಲಿ ಹತ್ತಿರದ ಪ್ರಭೇದ ಬೇರೆ ಮಾಡುವ ಲಕ್ಷಣಗಳು ತೀರಾ ಕಡಿಮೆ. ಪ್ರೌಢ ಜೀರುಂಡೆಗೆ ಇದನ್ನೇ ಮೊದಲ ಆಯ್ಕೆ ಮಾಡಬೇಡಿ. ಓದುವುದು ಮೈಟೊಕಾಂಡ್ರಿಯದಲ್ಲಿರುವ ಸಿಒಐ ಎಂಬ ಜೀನಿನ 658 ಅಕ್ಷರಗಳನ್ನು. ವರದಿಯಲ್ಲಿ '99% ಹೊಂದಿಕೆ' ಎಂದು ಬಂದರೆ, ಆಕರ ಭಂಡಾರದಲ್ಲಿ ಆ ಹೆಸರಿನಿಂದ ಇಟ್ಟ ಮಾದರಿಗೆ 99% ಹೊಂದುತ್ತದೆ ಎಂದಷ್ಟೇ ಅರ್ಥ. ಅಲ್ಲಿ ಹೆಸರಿಟ್ಟವರು ತಪ್ಪಿದ್ದರೆ ನಿಮ್ಮದೂ ತಪ್ಪು. ಜೊತೆಗೆ ಮೊನೊಕ್ಯಾಮಸ್ ಗ್ಯಾಲೊಪ್ರೊವಿನ್ಸಿಯಾಲಿಸ್‌ನಂಥವುಗಳಲ್ಲಿ ಮೈಟೊಕಾಂಡ್ರಿಯದ ಜೀನಿನ ತುಣುಕುಗಳು ಕೋಶಕೇಂದ್ರದ ಡಿಎನ್‌ಎಯೊಳಗೂ ಸೇರಿಕೊಂಡಿವೆ. ಯಂತ್ರ ನಿಜವಾದ ಜೀನಿನ ಬದಲು ಆ ನಕಲನ್ನು ಓದಿದರೆ ಫಲಿತಾಂಶ ವಿಚಿತ್ರವಾಗಿ ಬರುತ್ತದೆ. ಹೊರರೂಪದ ಗುರುತಿಗೂ ಬಾರ್‌ಕೋಡಿಗೂ ತಾಳೆಯಾಗದಿದ್ದರೆ ಕಚ್ಚಾ ಅನುಕ್ರಮದ ಕಡತ ಕೇಳಿ ಪಡೆಯಿರಿ, ಒಂದೇ ಜಾಗದಲ್ಲಿ ಎರಡು ಗೆರೆಗಳು ಎದ್ದಿವೆಯೇ, ಪ್ರೋಟೀನು ಓದುವ ಕ್ರಮದ ಮಧ್ಯೆ ನಿಲುಗಡೆ ಸಂಕೇತ ಬಂದಿದೆಯೇ ನೋಡಿ. ಆ ಕಡತ ಕೊಡಲು ಒಪ್ಪದ ಸೇವೆಗೆ ಮಾದರಿ ಕಳಿಸಬೇಡಿ.

ಕಳಿಸುವುದಕ್ಕೆ ಒಂದು ಕಾಲು ಸಾಕು, 95% ಅಥವಾ ಅದಕ್ಕಿಂತ ಗಟ್ಟಿಯಾದ ಎಥನಾಲ್‌ನಲ್ಲಿ. ಫಾರ್ಮಾಲಿನ್ ತಾಗಿದ ಮಾದರಿ ಕಳಿಸಿ ಪ್ರಯೋಜನವಿಲ್ಲ. ಮಧ್ಯದ ಕಾಲು ತೆಗೆಯಿರಿ: ಮುಂಗಾಲಿನ ತೋಡು, ಹಿಂಗಾಲಿನ ಪಾದ ಎರಡೂ ಗುರುತಿಗೆ ಬೇಕಾದವು. ಮತ್ತು ಪೊಟ್ಯಾಶಿಯಂ ಹೈಡ್ರಾಕ್ಸೈಡಿನ ಶೀಶೆಯ ಮುಚ್ಚಳ ಬಿಚ್ಚುವ ಮೊದಲೇ ತೆಗೆಯಿರಿ, ಅದು ತಾಗಿದ ಅಂಗಾಂಶದಲ್ಲಿ ಓದಲು ಡಿಎನ್‌ಎ ಉಳಿಯುವುದಿಲ್ಲ.